ಹತ್ತು ರೂಪಾಯಿ ನಾಣ್ಯದಷ್ಟೆತ್ತರದ ಬೊಂಬೆಗೆ ಯಾವ ಕ್ಯಾಮೆರಾ? ಆರಿಸುವ ಕ್ರಮದ ಸಮಗ್ರ ಮಾರ್ಗದರ್ಶಿ

ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಕಿರುಬೊಂಬೆಗಳಿಗೆ ಬಣ್ಣ ಹಚ್ಚುವ ಗೆಳೆಯರು ನನಗೆ ಕಳುಹಿಸುವ ಚಿತ್ರಗಳಲ್ಲಿ ಮೂರೇ ಮೂರು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ಮುಂದಕ್ಕೆ ಚಾಚಿದ ಕೈ ಸ್ಪಷ್ಟವಾಗಿದ್ದು ಮುಖ ಮಸುಕಾಗಿರುತ್ತದೆ; ಕೆಂಪು ಬಣ್ಣದೊಳಗಿನ ನೆರಳು, ಮಡಿಕೆಗಳೆಲ್ಲ ಕರಗಿ ಒಂದೇ ಮುದ್ದೆಯಾಗಿರುತ್ತದೆ; ಹಿಂದಿನ ಬಿಳಿ ಹಾಳೆ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಚಿತ್ರದ ಜೊತೆ ಬರುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ಯಾವ ಕ್ಯಾಮೆರಾ ಕೊಳ್ಳಲಿ? ಆರು ತಿಂಗಳ ಬಳಿಕ ಅದೇ ಗೆಳೆಯರು ಹೊಸ ಕ್ಯಾಮೆರಾದಲ್ಲಿ ತೆಗೆದು ಕಳುಹಿಸುವ ಚಿತ್ರದಲ್ಲಿಯೂ ಆ ಮೂರು ದೋಷಗಳು ಹಾಗೆಯೇ ಇರುತ್ತವೆ. ಅವರು ಮೊದಲು ಬಾಡಿಯನ್ನು, ಅಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾವನ್ನು ಕೊಂಡು, ಅದರೊಂದಿಗೆ ಬಂದ ಲೆನ್ಸಿಗೆ ಒಗ್ಗಿಕೊಂಡು, ಬೆಳಕಿನ ಬಗ್ಗೆ ಕೊನೆಗೆ ಯೋಚಿಸಿರುತ್ತಾರೆ. ಕಿರುಬೊಂಬೆಯ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಮೊದಲು ಬೊಂಬೆಯ ಅಳತೆ, ಆಮೇಲೆ ಬೆಳಕು, ಆಮೇಲೆ ಲೆನ್ಸ್, ಬಾಡಿ ಎಲ್ಲಕ್ಕಿಂತ ಕೊನೆಗೆ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಮಿಲಿಮೀಟರ್ ಗುರುತಿರುವ ಉಕ್ಕಿನ ಸ್ಕೇಲು, ಹತ್ತು ರೂಪಾಯಿಯ ಒಂದು ನಾಣ್ಯ, ಸಣ್ಣ ಟಾರ್ಚು, ನೀವೇ ಬಣ್ಣ ಹಚ್ಚಿದ ಒಂದು ಬೊಂಬೆ. ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ.; 28 ಮಿ.ಮೀ. ಪ್ರಮಾಣದ ಬೊಂಬೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಆಗಿರುವುದರಿಂದ ಅಂಗಡಿಯಲ್ಲಿ ಬೊಂಬೆಯ ಬದಲಿಗೆ ಈ ನಾಣ್ಯವನ್ನೇ ಇಟ್ಟು ಪರೀಕ್ಷಿಸಬಹುದು.

ಹಂತ 1: ಬೊಂಬೆಯನ್ನು ಮೂರು ದಿಕ್ಕಿನಲ್ಲಿ ಅಳೆಯಿರಿ

ಪೊಟ್ಟಣದ ಮೇಲೆ ಬರೆದಿರುವ ಅಂಕಿಯನ್ನು ನೆಚ್ಚಬೇಡಿ. 28 ಮಿ.ಮೀ. ಎಂದು ಮಾರುವ ಯುದ್ಧದಾಟದ ಬೊಂಬೆ ಪೀಠ ಮತ್ತು ಎತ್ತಿದ ಈಟಿ ಸೇರಿದಾಗ 45 ಮಿ.ಮೀ. ಮುಟ್ಟಬಹುದು. 1/72 ಪ್ರಮಾಣದ ಸೈನಿಕ ಸುಮಾರು 24 ಮಿ.ಮೀ., 1/35 ಪ್ರಮಾಣದವನು ಸುಮಾರು 50 ಮಿ.ಮೀ. ಇರುತ್ತಾನೆ. ನಾನು ಹೆಚ್ಚಾಗಿ ಬಣ್ಣ ಹಚ್ಚುವುದು 54 ಮಿ.ಮೀ. ಅಳತೆಯ ತೆಂಕುತಿಟ್ಟು ಯಕ್ಷಗಾನದ ವೇಷಗಳಿಗೆ. ಅವುಗಳಲ್ಲಿ ಬಣ್ಣದ ವೇಷವು, ಅಂದರೆ ರಾಕ್ಷಸ ಪಾತ್ರವು, ಕಿರೀಟ ಮತ್ತು ಪೀಠ ಸೇರಿ 80 ಮಿ.ಮೀ. ದಾಟುತ್ತದೆ. ಆದ್ದರಿಂದ ಪೀಠದ ತಳದಿಂದ ಅತಿ ಎತ್ತರದ ತುದಿಯವರೆಗೆ ಅಳೆದು, ಮೇಲೆ ಕೆಳಗೆ ಖಾಲಿ ಜಾಗಕ್ಕೆಂದು ಕಾಲು ಭಾಗ ಸೇರಿಸಿ ಬರೆದಿಟ್ಟುಕೊಳ್ಳಿ. ಆಮೇಲೆ ಅಗಲ.

ಎಲ್ಲರೂ ಮರೆಯುವುದು ಮೂರನೆಯ ಅಳತೆಯನ್ನು, ಅಂದರೆ ಕ್ಯಾಮೆರಾದ ಕಡೆಗೆ ಚಾಚಿದ ಕೈಯ ತುದಿಯಿಂದ ಹಿಂದಿನ ನಿಲುವಂಗಿಯ ಅಂಚಿನವರೆಗಿನ ಆಳವನ್ನು. 28 ಮಿ.ಮೀ. ಬೊಂಬೆಯಲ್ಲಿ ಇದು 15ರಿಂದ 20 ಮಿ.ಮೀ., ದೊಡ್ಡ ಬೊಂಬೆಗಳಲ್ಲಿ 40 ಮಿ.ಮೀ. ಆದೀತು. ಮುಖ ಮಸುಕಾಗುವ ದೋಷಕ್ಕೆ ಕಾರಣವಿರುವುದು ಈ ಅಳತೆಯಲ್ಲಿ. ಹತ್ತಿರದಿಂದ ತೆಗೆಯುವಾಗ ಲೆನ್ಸು ಒಂದು ಬಾರಿಗೆ ಸ್ಪಷ್ಟವಾಗಿ ಹಿಡಿಯುವ ಪದರ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ ಎಂಬುದನ್ನು ಮುಂದಿನ ಲೆಕ್ಕದಲ್ಲಿ ಕಾಣುವಿರಿ.

ಹಂತ 2: ಕೈಯಲ್ಲಿರುವ ಫೋನನ್ನು ಮೊದಲು ಸರಿಯಾಗಿ ಬಳಸಿ ನೋಡಿ

ಫೋನಿನ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಚಿಕ್ಕದಾಗಿರುವುದೇ ಇಲ್ಲಿ ಒಂದು ಅನುಕೂಲ: ಬೊಂಬೆಯ ಹೆಚ್ಚಿನ ಭಾಗ ಸ್ಪಷ್ಟವಾಗಿ ಬರುತ್ತದೆ. ಆದರೆ ಅಗ್ಗದ ಫೋನುಗಳಲ್ಲಿ ಮ್ಯಾಕ್ರೋ ಎಂಬ ಹೆಸರಿನಲ್ಲಿರುವ 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಮುಟ್ಟಲೇಬೇಡಿ. ಮೂರು ನಾಲ್ಕು ಸೆಂ.ಮೀ. ಹತ್ತಿರ ಹೋದಾಗ ಫೋನಿನ ನೆರಳೇ ಬೊಂಬೆಯ ಮೇಲೆ ಬೀಳುತ್ತದೆ, ಮೇಲಾಗಿ ಮುಂದಿರುವ ಕತ್ತಿ ಕೈಗಿಂತ ದಪ್ಪವಾಗಿ, ಪಾದ ಸಾಸಿವೆಯಷ್ಟಾಗಿ ಕಾಣುತ್ತದೆ. ಮುಖ್ಯ ಕ್ಯಾಮೆರಾದಲ್ಲಿಯೇ ಎರಡು ಪಟ್ಟು ಜೂಮ್ ಇಟ್ಟು 25 ಸೆಂ.ಮೀ. ದೂರದಲ್ಲಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮುಖದ ಮೇಲೆ ಬೆರಳಿಟ್ಟು ಹಿಡಿದು ಫೋಕಸ್ ಲಾಕ್ ಮಾಡಿ, ಟೈಮರಿನಿಂದ ಕ್ಲಿಕ್ಕಿಸಿ.

ಫೋನಿನ ನಿಜವಾದ ಮಿತಿ ಬೇರೆ ಕಡೆ ಇದೆ. ನೀವು ಮೂರು ಪದರದಲ್ಲಿ ಹಚ್ಚಿದ ನೆರಳನ್ನು ಫೋನು ನಿಜವಾದ ನೆರಳೆಂದು ತಿಳಿದು ಬೆಳಗಿಸಿಬಿಡುತ್ತದೆ. ಕುಂಚದ ನಯವಾದ ಏರಿಳಿತವನ್ನು ಅತಿಯಾಗಿ ಚೂಪುಗೊಳಿಸಿ ಮೆಟ್ಟಿಲು ಮೆಟ್ಟಿಲಾಗಿಸುತ್ತದೆ. ನೆರಳನ್ನು ಬೆಳಗಿಸುವ ಎಚ್‌ಡಿಆರ್ ನಿಲ್ಲಿಸಿದರೂ, ಎಲ್ಲವನ್ನೂ ಕೈಯಿಂದ ಹೊಂದಿಸುವ ಪ್ರೊ ಮೋಡ್‌ನಲ್ಲಿ ತೆಗೆದರೂ ಈ ಕಾಟ ನಿಲ್ಲದಿದ್ದರೆ ಮಾತ್ರ ಕ್ಯಾಮೆರಾಕ್ಕೆ ಹಣ ತೆಗೆದಿರಿಸಿ.

ಹಂತ 3: ಕ್ಯಾಮೆರಾಕ್ಕಿಂತ ಮೊದಲು ಬೆಳಕು ಮತ್ತು ಟ್ರೈಪಾಡ್

ಒಂದೇ ಕಂಪನಿಯ, ಒಂದೇ ಬಗೆಯ ಎರಡು ಎಲ್‌ಇಡಿ ಬಲ್ಬುಗಳನ್ನು ಕೊಳ್ಳಿ. ಪೊಟ್ಟಣದಲ್ಲಿ ಬಣ್ಣದ ನಿಷ್ಠೆಯನ್ನು ಸೂಚಿಸುವ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚೆಂದೂ, ಬಣ್ಣದ ತಾಪ 5000ದಿಂದ 6500 ಕೆಲ್ವಿನ್ ಎಂದೂ ಇರಬೇಕು. ಸಾಮಾನ್ಯ ಮನೆಬಳಕೆಯ ಬಲ್ಬಿನ ಸಿಆರ್‌ಐ 80ರ ಸುತ್ತ ಇರುತ್ತದೆ. ಅದರಲ್ಲಿ ಕಡುಗೆಂಪು ಕಂದುಗಟ್ಟುತ್ತದೆ, ಯಾವ ಕ್ಯಾಮೆರಾವೂ ಇಲ್ಲದ ಬಣ್ಣವನ್ನು ತಂದುಕೊಡಲಾರದು. ಬಲ್ಬುಗಳನ್ನು ಬೊಂಬೆಯ ಎರಡು ಪಕ್ಕಗಳಲ್ಲಿ, ಮುಖಕ್ಕಿಂತ ಸ್ವಲ್ಪ ಮೇಲೆ ಇಟ್ಟು, ನಡುವೆ ಬಟರ್ ಪೇಪರನ್ನೋ ತೊಳೆದ ಬಿಳಿ ಮುಂಡನ್ನೋ (ಪಂಚೆ) ಪರದೆಯಾಗಿ ಕಟ್ಟಿ. ಕಸವಿನ (ಜರಿಯ) ಅಂಚು ಚೌಕಟ್ಟಿನ ಹತ್ತಿರ ಬಾರದಂತೆ ಮಡಚಿಕೊಳ್ಳಿ. ಒಮ್ಮೆ ಅದರ ಹೊಳಪು ಬೊಂಬೆಯ ಭುಜಕೀರ್ತಿಯಲ್ಲಿ ಹಳದಿ ಗೆರೆಯಾಗಿ ಮೂಡಿ, ನಾನು ಬಣ್ಣ ತಪ್ಪಿ ಹಚ್ಚಿದೆನೆಂದುಕೊಂಡು ತಿದ್ದಲು ಕುಳಿತಿದ್ದೆ.

ನಮ್ಮ ಊರಿನ ಮನೆಗಳಲ್ಲಿ ಕಿಟಕಿಯ ಬೆಳಕನ್ನು ನೆಚ್ಚುವವರಿಗೆ ಎರಡು ಎಚ್ಚರಿಕೆಗಳಿವೆ. ಗಾರೆ ಮಾಡದ ಮುರಕಲ್ಲಿನ ಗೋಡೆಗೆ ತಾಗಿ ಬರುವ ಬೆಳಕು ಕೆಂಪಗಿರುತ್ತದೆ; ಕಿಟಕಿಯಾಚೆ ಅಡಿಕೆ ತೋಟವಿದ್ದರೆ ಬೊಂಬೆಯ ಮುಖದ ಬಿಳಿ ಚುಕ್ಕೆಸಾಲಾದ ಚುಟ್ಟಿಗೆ ಹಸಿರು ಛಾಯೆ ಏರುತ್ತದೆ. ಒಂದು ಪಕ್ಕದಿಂದ ಕೆಂಪು, ಇನ್ನೊಂದು ಪಕ್ಕದಿಂದ ಹಸಿರು ಬಂದರೆ ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾದಲ್ಲಿ ಮಾಡುವ ಯಾವ ಬಣ್ಣದ ಹೊಂದಾಣಿಕೆಯಿಂದಲೂ (ವೈಟ್ ಬ್ಯಾಲೆನ್ಸ್) ಅದನ್ನು ಸರಿಪಡಿಸಲಾಗದು. ಕಿಟಕಿ ಮುಚ್ಚಿ, ಕೋಣೆಯ ಉಳಿದ ದೀಪಗಳನ್ನು ಆರಿಸಿ, ನಿಮ್ಮ ಎರಡೇ ಬಲ್ಬುಗಳಲ್ಲಿ ಕೆಲಸ ಮಾಡಿ.

ಟ್ರೈಪಾಡ್ ಕಡ್ಡಾಯ. ಎತ್ತರದ್ದು ಬೇಡ, ಗಟ್ಟಿಯಾದ ಮೇಜಿನ ಟ್ರೈಪಾಡ್ ಸಾಕು. ಆದರೆ ಕ್ಯಾಮೆರಾ ಕೂರಿಸಿದ ಮೇಲೆ ಮೂತಿ ತಾನಾಗಿ ಬಾಗುವಂಥದ್ದನ್ನು ತೆಗೆದುಕೊಳ್ಳಬೇಡಿ.

ಹಂತ 4: ಲೆನ್ಸನ್ನು ಲೆಕ್ಕ ಹಾಕಿ ಆರಿಸಿ

ಇಲ್ಲಿ ನಿಧಾನಿಸಿ, ಏಕೆಂದರೆ ಹಣ ಹೆಚ್ಚು ಹಾಳಾಗುವುದು ಈ ಹಂತದಲ್ಲಿ. ಹಿಗ್ಗುವಿಕೆಯ ಪ್ರಮಾಣ ಎಂದರೆ ಸೆನ್ಸರಿನ ಮೇಲೆ ಮೂಡುವ ಬಿಂಬಕ್ಕೂ ಬೊಂಬೆಯ ನಿಜವಾದ ಗಾತ್ರಕ್ಕೂ ಇರುವ ಅನುಪಾತ. ಸಾಮಾನ್ಯ ಕ್ಯಾಮೆರಾಗಳ ಎಪಿಎಸ್-ಸಿ ಸೆನ್ಸರಿನ ಉದ್ದ ಬದಿ ಸುಮಾರು 23.5 ಮಿ.ಮೀ. ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ 60 ಮಿ.ಮೀ. ಎತ್ತರದ ಚೌಕಟ್ಟನ್ನು ತುಂಬಬೇಕಾದರೆ 23.5ನ್ನು 60ರಿಂದ ಭಾಗಿಸಿ, ಸುಮಾರು 0.4 ಬರುತ್ತದೆ. ಚೌಕಟ್ಟು 100 ಮಿ.ಮೀ. ಇದ್ದರೆ 0.24 ಸಾಕು. ಅಂದರೆ ನಿಜ ಗಾತ್ರದ ಬಿಂಬ ಕೊಡುವ, 1:1 ಎಂದು ಬರೆದಿರುವ ದುಬಾರಿ ಮ್ಯಾಕ್ರೋ ಲೆನ್ಸಿನ ಪೂರ್ಣ ಶಕ್ತಿ ಇಡೀ ಬೊಂಬೆಯ ಚಿತ್ರಕ್ಕೆ ಎಂದೂ ಬೇಕಾಗುವುದಿಲ್ಲ. ಕಣ್ಣು, ತಿಲಕ, ಎದೆಪದಕವನ್ನು ಮಾತ್ರ ತುಂಬಿಸಿ ತೆಗೆಯುವವರಿಗೆ ಅದು ಬೇಕು.

ನಿಕಾನ್ ಮತ್ತು ಕ್ಯಾನನ್ ಡಿಎಸ್‌ಎಲ್‌ಆರ್‌ಗಳೊಂದಿಗೆ ಬರುವ ಇತ್ತೀಚಿನ 18-55 ಮಿ.ಮೀ. ಕಿಟ್ ಲೆನ್ಸುಗಳಲ್ಲಿ ಹಲವು, 55ರಲ್ಲಿಟ್ಟು ಅತಿ ಹತ್ತಿರಕ್ಕೆ ಹೋದಾಗ, 0.36ರ ಆಸುಪಾಸು ಕೊಡುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಉದ್ದ ಬದಿಗೆ 6000 ಪಿಕ್ಸೆಲ್‌ಗಳಿರುವುದರಿಂದ 28 ಮಿ.ಮೀ. ಬೊಂಬೆ 2500 ಪಿಕ್ಸೆಲ್ ಎತ್ತರವಾಗಿ ಸಿಗುತ್ತದೆ. ಪರದೆಯ ಮೇಲೆ ತೋರಿಸಲು ಅದು ಧಾರಾಳವಾಯಿತು. ಆದರೆ ಎಲ್ಲ ಕಿಟ್ ಲೆನ್ಸುಗಳೂ ಹೀಗಲ್ಲ: ಸೋನಿಯ ಚಪ್ಪಟೆ 16-50 ಮಿ.ಮೀ. ಪವರ್ ಜೂಮ್ ಲೆನ್ಸು 0.215ಕ್ಕೆ ನಿಂತುಬಿಡುತ್ತದೆ. ಆದ್ದರಿಂದ ಲೆನ್ಸಿನ ವಿವರಪಟ್ಟಿಯಲ್ಲಿ ಗರಿಷ್ಠ ಹಿಗ್ಗುವಿಕೆ ಎಂಬ ಸಾಲನ್ನು ಹುಡುಕಿ ಓದದೆ ಯಾವುದನ್ನೂ ಕೊಳ್ಳಬೇಡಿ. ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ಕಿಂಡಿ, ಎಷ್ಟು ದೊಡ್ಡದು ಎಂಬುದರ ಕಡೆ ಗಮನ ಕೊಡುವ ಅಗತ್ಯವಿಲ್ಲ, ಏಕೆಂದರೆ ನಾವು ಅದನ್ನು ಎಂದೂ ಪೂರ್ತಿ ತೆರೆಯುವುದಿಲ್ಲ.

ಏಕೆ ತೆರೆಯುವುದಿಲ್ಲ ಎಂಬುದಕ್ಕೆ ಲೆಕ್ಕ ಇಲ್ಲಿದೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದಾಗುತ್ತದೆ. ಎಪಿಎಸ್-ಸಿ ಸೆನ್ಸರಿನಲ್ಲಿ 0.4 ಹಿಗ್ಗುವಿಕೆಯಲ್ಲಿ ಎಫ್ 4 ಇಟ್ಟರೆ ಸ್ಪಷ್ಟ ಪದರದ ದಪ್ಪ ಸುಮಾರು 1.4 ಮಿ.ಮೀ. ಮಾತ್ರ, ಎಫ್ 11ಕ್ಕೆ ಹೋದರೆ ಸುಮಾರು 4 ಮಿ.ಮೀ. ಅದೇ ಎಫ್ 11ರಲ್ಲಿ ಹಿಂದೆ ಸರಿದು ಹಿಗ್ಗುವಿಕೆಯನ್ನು 0.25ಕ್ಕೆ ಇಳಿಸಿದರೆ ಸುಮಾರು 9 ಮಿ.ಮೀ. ಸಿಗುತ್ತದೆ. ಹಾಗೆ ತೆಗೆದದ್ದನ್ನು ಅಂಚು ಕತ್ತರಿಸಿ ದೊಡ್ಡದು ಮಾಡಿದಾಗ ಈ ಲಾಭ ಸಾಕಷ್ಟು ಕುಗ್ಗುತ್ತದಾದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹತ್ತಿರಕ್ಕೆ ನುಗ್ಗುವ ಆಸೆಯನ್ನು ಹತ್ತಿಕ್ಕಿ, ಒಂದು ಗೇಣು ಹಿಂದೆ ಸರಿಯಿರಿ. ಎಫ್ 22ಕ್ಕೆ ಹೋದರೆ ಇನ್ನೂ ಲಾಭವಲ್ಲವೇ ಎಂದು ಕೇಳುವವರಿದ್ದಾರೆ; ಅಲ್ಲಿ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ (ವಿವರ್ತನೆ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್ 8ರಿಂದ ಎಫ್ 13ರ ನಡುವೆ ಇರಿ. ಅದೂ ಸಾಲದಷ್ಟು ಆಳದ ಬೊಂಬೆಯಾದರೆ, ಫೋಕಸನ್ನು ಮುಂದಿನಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ಏಳೆಂಟು ಚಿತ್ರ ತೆಗೆದು, ಹೆಲಿಕಾನ್ ಫೋಕಸ್ ಅಥವಾ ಝೆರಿನ್ ಸ್ಟ್ಯಾಕರ್‌ನಂಥ ತಂತ್ರಾಂಶದಲ್ಲಿ ಒಂದುಗೂಡಿಸಬೇಕು.

ಕಿಟ್ ಲೆನ್ಸು ಸಾಲದೆ ಹೋದರೆ ಎರಡು ದಾರಿಗಳಿವೆ. ಅಗ್ಗದ ದಾರಿ 50 ಮಿ.ಮೀ. ಲೆನ್ಸಿನ ಹಿಂದೆ ಗಾಜಿಲ್ಲದ ಪೊಳ್ಳು ಉಂಗುರವಾದ ಎಕ್ಸ್‌ಟೆನ್ಶನ್ ಟ್ಯೂಬ್ ಜೋಡಿಸುವುದು. ಟ್ಯೂಬಿನ ಉದ್ದವನ್ನು ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಹಿಗ್ಗುವಿಕೆ ಸೇರುತ್ತದೆಂದು ತಿಳಿಯುತ್ತದೆ, 12 ಮಿ.ಮೀ. ಟ್ಯೂಬು 0.24 ಸೇರಿಸುತ್ತದೆ. ವಿದ್ಯುತ್ ಸಂಪರ್ಕದ ಹಿತ್ತಾಳೆ ಬಣ್ಣದ ಚುಕ್ಕೆಗಳಿಲ್ಲದ ಬರೀ ಲೋಹದ ಉಂಗುರವನ್ನು ಕೊಳ್ಳಬೇಡಿ. ಅದನ್ನು ಹಾಕಿದಾಗ ಕ್ಯಾಮೆರಾದಿಂದ ಅಪರ್ಚರನ್ನು ನಿಯಂತ್ರಿಸಲಾಗದೆ, ಕ್ಯಾನನ್ ಲೆನ್ಸಾದರೆ ಅದು ಪೂರ್ತಿ ತೆರೆದೇ ಉಳಿದು, ಮತ್ತೆ ಆ ಒಂದೂವರೆ ಮಿಲಿಮೀಟರಿಗೇ ಬಂದು ನಿಲ್ಲುತ್ತೀರಿ. ಎರಡನೆಯ ದಾರಿ ಮ್ಯಾಕ್ರೋ ಲೆನ್ಸು. ಅದರಲ್ಲಿ 60ರಿಂದ 100 ಮಿ.ಮೀ. ನಡುವಿನದ್ದನ್ನು ಆರಿಸಿ. ನಿಕಾನಿನ 40 ಮಿ.ಮೀ., ಸೋನಿಯ 30 ಮಿ.ಮೀ. ಮ್ಯಾಕ್ರೋಗಳು ಬೆಲೆಯಲ್ಲಿ ಹಗುರವಾದರೂ ಅವುಗಳ ಮೂತಿ ಬೊಂಬೆಗೆ ಅತಿ ಸಮೀಪ ಬಂದು ಬೆಳಕಿಗೆ ಅಡ್ಡವಾಗುತ್ತದೆ. ಹಳೆಯ, ಕೈಯಿಂದ ಫೋಕಸ್ ಮಾಡುವ ಮ್ಯಾಕ್ರೋ ಲೆನ್ಸು ಸಿಕ್ಕರೆ ಹಿಂಜರಿಯಬೇಡಿ. ಬೊಂಬೆ ಎಲ್ಲಿಗೂ ಓಡಿಹೋಗುವುದಿಲ್ಲ.

ಹಂತ 5: ಈಗ ಬಾಡಿ

ಮೆಗಾಪಿಕ್ಸೆಲ್ ಪೈಪೋಟಿಯನ್ನು ಮರೆಯಿರಿ. ಹತ್ತು ವರ್ಷ ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾ ಈ ಕೆಲಸಕ್ಕೆ ಇಂದಿಗೂ ಸಾಕು. ಎಪಿಎಸ್-ಸಿಗಿಂತ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರಿನಲ್ಲಿ ಅದೇ ಬೊಂಬೆಯನ್ನು ತುಂಬಿಸಲು ಹೆಚ್ಚು ಹಿಗ್ಗುವಿಕೆ ಬೇಕಾಗಿ, ಅದೇ ಎಫ್ ಸಂಖ್ಯೆಯಲ್ಲಿ ಸ್ಪಷ್ಟ ಪದರ ಇನ್ನೂ ತೆಳುವಾಗುವುದರಿಂದ ದುಪ್ಪಟ್ಟು ಹಣ ಕೊಟ್ಟು ತೊಂದರೆ ತಂದುಕೊಂಡಂತಾಗುತ್ತದೆ.

ನಿಜವಾಗಿ ನೋಡಬೇಕಾದದ್ದು ಪರದೆ. ಬೊಂಬೆಯನ್ನು ಅದರ ಕಣ್ಣಿನ ಮಟ್ಟದಿಂದಲೇ ತೆಗೆಯಬೇಕಾದ್ದರಿಂದ ಕ್ಯಾಮೆರಾ ಮೇಜಿಗೆ ಅಂಟಿದಂತೆ ಕೂರುತ್ತದೆ. ಪರದೆ ಹೊರಕ್ಕೆ ಬಾಗುವಂಥದ್ದಲ್ಲದಿದ್ದರೆ ಒಂದು ಗಂಟೆಯ ಕೆಲಸದ ಕೊನೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಹಳೆಯ ಮಾದರಿಗಳಲ್ಲಿ ನಿಕಾನ್ ಡಿ5300, ಡಿ5600, ಕ್ಯಾನನ್ 200ಡಿ ಕ್ಯಾಮೆರಾಗಳ ಪರದೆ ಹೊರಕ್ಕೆ ತಿರುಗುತ್ತದೆ. ನಿಕಾನ್ ಡಿ3500, ಕ್ಯಾನನ್ 1500ಡಿ ಕ್ಯಾಮೆರಾಗಳದ್ದು ತಿರುಗುವುದಿಲ್ಲ. ಅದರ ಜೊತೆ ಪರದೆಯಲ್ಲೇ ದೃಶ್ಯ ತೋರಿಸುವ ಲೈವ್ ವ್ಯೂನಲ್ಲಿ ಒಂದು ಭಾಗವನ್ನು ಹಿಗ್ಗಿಸಿ ನೋಡುವ ಸೌಲಭ್ಯ, ಅಪರ್ಚರನ್ನು ನಾವೇ ನಿಗದಿಪಡಿಸುವ ಅಪರ್ಚರ್ ಪ್ರಯಾರಿಟಿ, ಸ್ವಂತ ವೈಟ್ ಬ್ಯಾಲೆನ್ಸ್, ಸಂಸ್ಕರಿಸದ ಚಿತ್ರವಾದ ರಾ ಕಡತ, ಟೈಮರ್ ಇರಲಿ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಆದರೆ ಸ್ಪಷ್ಟವಾದ ಅಂಚನ್ನು ಬಣ್ಣದಿಂದ ಗುರುತಿಸುವ ಫೋಕಸ್ ಪೀಕಿಂಗ್ ಕೂಡ ಸಿಗುತ್ತದೆ, ಕೈಯಿಂದ ಫೋಕಸ್ ಮಾಡುವವರಿಗೆ ಅದು ದೊಡ್ಡ ಉಪಕಾರ. ಕೈ ನಡುಗಿದರೂ ಚಿತ್ರ ಕದಡದಂತೆ ತಡೆಯುವ ಬಾಡಿಯೊಳಗಿನ ಸ್ಥಿರತೆ, ಸೆಕೆಂಡಿಗೆ ಇಷ್ಟು ಚಿತ್ರ ಎಂಬ ವೇಗ, 4ಕೆ ವಿಡಿಯೊ ಇವುಗಳಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ನಿಕಾನಿನ ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲದಿರುವುದರಿಂದ ಹಳೆಯ ಎಎಫ್-ಡಿ ಲೆನ್ಸುಗಳು ಅವುಗಳಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲ. ಬೇರೆಯವರಿಗೆ ಇದು ಕೊರತೆ, ನಮಗೆ ಅಲ್ಲ. ಈ ಕಾರಣದಿಂದ ಯಾರಾದರೂ ಅಂಥ ಲೆನ್ಸನ್ನು ಕಡಿಮೆ ಬೆಲೆಗೆ ಬಿಟ್ಟುಕೊಟ್ಟರೆ ತೆಗೆದುಕೊಳ್ಳಿ.

ಹಂತ 6: ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಮಂಗಳೂರಿಗೆ ಹೋಗಿ ಕೊಳ್ಳುವವರಾಗಲಿ, ಕಣ್ಣೂರಿಗೆ ಹೋಗುವವರಾಗಲಿ, ಚೀಲದಲ್ಲಿ ಟ್ರೈಪಾಡ್, ಮೆಮೊರಿ ಕಾರ್ಡ್, ನಾಣ್ಯ, ಸ್ಕೇಲು, ಟಾರ್ಚು ಮತ್ತು ಬೊಂಬೆ ಇಲ್ಲದೆ ಬಸ್ಸು ಹತ್ತಬೇಡಿ. ಅಂಗಡಿಯವರು ಬೀದಿಯ ಕಡೆ ಕ್ಯಾಮೆರಾ ತಿರುಗಿಸಿ ತೋರಿಸುವ ಚಿತ್ರದಿಂದ ನಮಗೆ ಏನೂ ತಿಳಿಯುವುದಿಲ್ಲ.

ಮೊದಲು ಲೆನ್ಸನ್ನು ಅದರ ಅತಿ ಹತ್ತಿರದ ಫೋಕಸಿನಲ್ಲಿಟ್ಟು ನಾಣ್ಯವನ್ನು ತೆಗೆಯಿರಿ. ಚೌಕಟ್ಟಿನ ಉದ್ದ ಬದಿಯ ಮೂರನೇ ಒಂದು ಭಾಗವನ್ನಾದರೂ ನಾಣ್ಯ ತುಂಬಿದರೆ ಆ ಲೆನ್ಸು 28 ಮಿ.ಮೀ. ಬೊಂಬೆಗೆ ಸಾಕು, ಕಾಲು ಭಾಗಕ್ಕೆ ನಿಂತರೆ ಟ್ಯೂಬಿನ ಬೆಲೆಯನ್ನೂ ಸೇರಿಸಿಕೊಂಡು ಯೋಚಿಸಿ. ಆಮೇಲೆ ಸ್ಕೇಲನ್ನು ಓರೆಯಾಗಿ ಇಟ್ಟು ಎಫ್ 4 (ಕಿಟ್ ಲೆನ್ಸಾದರೆ ಎಫ್ 5.6), ಎಫ್ 8, ಎಫ್ 11, ಎಫ್ 22ರಲ್ಲಿ ಒಂದೊಂದು ಚಿತ್ರ ತೆಗೆದು, ಹಿಗ್ಗಿಸಿ, ಎಷ್ಟು ಗೆರೆಗಳು ಸ್ಪಷ್ಟವಾಗಿವೆ ಎಂದು ಎಣಿಸಿ. ಮೇಲೆ ಹೇಳಿದ ಲೆಕ್ಕ ಅಲ್ಲಿ ಕಣ್ಣೆದುರೇ ಕಾಣುತ್ತದೆ.

ಬಳಸಿದ ಲೆನ್ಸಾದರೆ ಎರಡು ಮುಚ್ಚಳಗಳನ್ನೂ ತೆಗೆದು, ಅಪರ್ಚರ್ ತೆರೆದಿರುವಂತೆ ನೋಡಿಕೊಂಡು, ಹಿಂದಿನಿಂದ ಓರೆಯಾಗಿ ಟಾರ್ಚು ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯ ಎಳೆಗಳಂತೆ ಕವಲೊಡೆದದ್ದು ಕಂಡರೆ ಅದು ಬೂಸ್ಟು, ಅಂದರೆ ಫಂಗಸ್. ನನ್ನ ಮೊದಲ ಮ್ಯಾಕ್ರೋ ಲೆನ್ಸನ್ನು ನಾನು ಹೀಗೆ ನೋಡದೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮೇಲಿಂದ ಮೇಲೆ ಕಣ್ಣಾಡಿಸಿ ತಂದಿದ್ದೆ. ಮನೆಯಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಬೊಂಬೆ ಇಟ್ಟಾಗ ಕಪ್ಪು ಕಪ್ಪಾಗದೆ ಹಾಲು ಬೆರೆಸಿದಂತೆ ಬರತೊಡಗಿತು; ಟಾರ್ಚು ಬಿಟ್ಟು ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಬಿಳಿ ಬೇರುಗಳು ಹಬ್ಬಿದ್ದವು. ಹಿಂತೆಗೆದುಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ.

ಕೊನೆಗೆ ಬಿಳಿ ಕಾಗದವೊಂದನ್ನು ಎಫ್ 16ರಲ್ಲಿ, ಬೇಕೆಂದೇ ಫೋಕಸ್ ತಪ್ಪಿಸಿ ತೆಗೆಯಿರಿ. ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ; ಧೂಳನ್ನು ಶುಚಿಗೊಳಿಸಬಹುದು, ಗೀರು ಇದ್ದರೆ ಆಗದು. ಶಟರ್ ಎಷ್ಟು ಬಾರಿ ಬಡಿದಿದೆ ಎಂದು ಕೇಳಿ. ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್‌ಗಳ ಶಟರಿಗೆ ಸಾಮಾನ್ಯವಾಗಿ ಒಂದು ಲಕ್ಷ ಬಡಿತದ ಆಯುಷ್ಯ ಹೇಳುತ್ತಾರೆ. ಬೊಂಬೆಯವರು ವರ್ಷಕ್ಕೆ ಎರಡು ಮೂರು ಸಾವಿರ ದಾಟುವುದೇ ಅಪರೂಪವಾದ್ದರಿಂದ ಅರ್ಧ ಸವೆದದ್ದಾದರೂ ಹೆದರಬೇಕಾಗಿಲ್ಲ.

ಹಂತ 7: ಮೊದಲ ದಿನದ ಹೊಂದಾಣಿಕೆ

ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಹಂತವನ್ನು ಮುಗಿಸಿ. ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ ತಿರುಗಿಸಿ, ಎಫ್ 11 ಇಡಿ, ಸೆನ್ಸರಿನ ಸಂವೇದನೆಯಾದ ಐಎಸ್‌ಓವನ್ನು ಆಟೋದಿಂದ ಬಿಡಿಸಿ 100ರಲ್ಲಿ ನಿಲ್ಲಿಸಿ, ಲೆನ್ಸಿನ ಸ್ಥಿರತೆಯ ಗುಂಡಿಯನ್ನು ಆಫ್ ಮಾಡಿ, ಟೈಮರ್ ಹಾಕಿ. ಶಟರ್ ಅರ್ಧ ಸೆಕೆಂಡು ತೆರೆದಿದ್ದರೂ ಟ್ರೈಪಾಡಿನ ಮೇಲೆ ಅಡ್ಡಿಯಿಲ್ಲ. ಅದಕ್ಕೆ ವ್ಯತಿರಿಕ್ತವಾಗಿ ಶಟರನ್ನು ತೀರಾ ವೇಗಗೊಳಿಸಿದರೆ, ನಮ್ಮ ವಿದ್ಯುತ್ತು 50 ಹರ್ಟ್ಜ್ ಆಗಿರುವುದರಿಂದ ಸೆಕೆಂಡಿಗೆ ನೂರು ಬಾರಿ ಮಿನುಗುವ ಅಗ್ಗದ ಎಲ್‌ಇಡಿ ಚಿತ್ರದಲ್ಲಿ ಅಡ್ಡ ಪಟ್ಟೆಗಳನ್ನು ಮೂಡಿಸುತ್ತದೆ. ವೈಟ್ ಬ್ಯಾಲೆನ್ಸನ್ನು ಬೂದು ಕಾರ್ಡಿನ ಮೇಲೆ ಅದೇ ಬೆಳಕಿನಲ್ಲಿ ಹೊಂದಿಸಿ.

ಬಿಳಿ ಹಾಳೆ ಬೂದಾಗುವುದಕ್ಕೆ ಕಾರಣ ಕ್ಯಾಮೆರಾದ ಮೀಟರು; ಅದು ಎದುರಿಗಿರುವ ಎಲ್ಲವನ್ನೂ ನಡುಬೂದು ಎಂದೇ ಭಾವಿಸುತ್ತದೆ. ಬಿಳಿ ಹಿನ್ನೆಲೆಗೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು ಒಂದು ಸ್ಟಾಪ್ (ಬೆಳಕು ದುಪ್ಪಟ್ಟಾಗುವಷ್ಟು) ಏರಿಸಿ, ಕಪ್ಪಿಗೆ ಅಷ್ಟೇ ಇಳಿಸಿ.

ಕೆಂಪಿನ ವಿಷಯ ಇದಕ್ಕಿಂತ ಸೂಕ್ಷ್ಮ, ತೆಯ್ಯಂ ಮತ್ತು ಯಕ್ಷಗಾನದ ಬೊಂಬೆಗಳಿಗೆ ಬಣ್ಣ ಹಚ್ಚುವ ನಮ್ಮವರಿಗೆ ಅದು ತಪ್ಪಿದ್ದಲ್ಲ. ಗಾಢ ಕೆಂಪಿನಿಂದ ಬರುವ ಬೆಳಕೆಲ್ಲ ಸೆನ್ಸರಿನ ಕೆಂಪು ವಾಹಿನಿಗೇ ಬಂದು ಬೀಳುವುದರಿಂದ, ಒಟ್ಟು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಸರಿಯಾಗಿ ಕಂಡರೂ ಕೆಂಪು ವಾಹಿನಿ ತುಂಬಿ ಚೆಲ್ಲಿರುತ್ತದೆ. ಹಿಸ್ಟೋಗ್ರಾಮನ್ನು ಮೂರು ಬಣ್ಣಗಳಾಗಿ ಬಿಡಿಸಿ ತೋರಿಸುವಂತೆ ಮೆನುವಿನಲ್ಲಿ ಆರಿಸಿಕೊಳ್ಳಿ. ಕೆಂಪಿನ ಗುಡ್ಡ ಬಲಗೋಡೆಗೆ ಒತ್ತಿಕೊಂಡಿದ್ದರೆ ಮೂರನೇ ಒಂದು ಸ್ಟಾಪಿನಂತೆ ಇಳಿಸುತ್ತ ಬಂದು, ಅದು ಗೋಡೆಯಿಂದ ಬಿಡಿಸಿಕೊಂಡಲ್ಲಿ ನಿಲ್ಲಿಸಿ. ಪಿಕ್ಚರ್ ಸ್ಟೈಲ್ ವಿವಿಡ್‌ನಲ್ಲಿದ್ದರೆ ನ್ಯೂಟ್ರಲ್‌ಗೆ ತನ್ನಿ. ಬಣ್ಣದ ವೇಷವೊಂದರ ಮುಖದಲ್ಲಿ ಬಿಳಿ ಚುಟ್ಟಿಯ ಸಾಲುಗಳು ಬಿಡಿಬಿಡಿಯಾಗಿ, ಅವುಗಳ ನಡುವಿನ ಕೆಂಪಿನಲ್ಲಿ ಕುಂಚದ ಎರಡನೆಯ ಪದರ ಬೇರೆಯಾಗಿ ಕಂಡಿತೆಂದರೆ ನಿಮ್ಮ ಕ್ಯಾಮೆರಾ, ಲೆನ್ಸು, ಬೆಳಕು ಮೂರೂ ಹೊಂದಿಕೊಂಡಿವೆ. ಕಾಣದಿದ್ದರೆ ಮೊದಲು ಬೆಳಕನ್ನು ಬದಲಿಸಿ ನೋಡಿ, ಆಮೇಲೆ ಲೆನ್ಸನ್ನು. ಬಾಡಿಯನ್ನು ಹಿಂತಿರುಗಿಸುವ ಮಾತು ಕೊನೆಗಿರಲಿ.

ಹಂತ 8: ಮಳೆಗಾಲಕ್ಕೆ ಮುಂಚಿನ ಏರ್ಪಾಡು

ಜೂನ್ ತಿಂಗಳಿಗೆ ಮುಂಚೆ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬವೊಂದನ್ನು, ತೇವ ತೋರಿಸುವ ಸಣ್ಣ ಮಾಪಕವನ್ನು ಮತ್ತು ಬಣ್ಣ ಬದಲಿಸುವ ಸಿಲಿಕಾ ಜೆಲ್ಲನ್ನು ತಂದಿಡಿ. ಡಬ್ಬದೊಳಗಿನ ತೇವ ನೂರಕ್ಕೆ 40ರಿಂದ 50ರ ನಡುವೆ ಇರಲಿ. 60 ದಾಟಿದ ದಿನ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ, ತಣಿದ ಮೇಲೆ ಮತ್ತೆ ಒಳಗಿಡಿ. ಕ್ಯಾಮೆರಾದೊಂದಿಗೆ ಬರುವ ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಲೆನ್ಸನ್ನು ಇಟ್ಟು ಕಪಾಟಿನ ಬಾಗಿಲು ಮುಚ್ಚಬೇಡಿ. ಬೂಸ್ಟು ಮೊದಲು ಹುಟ್ಟುವುದು ಆ ಚೀಲದ ಒಳಮೈಯಲ್ಲಿ.